ಕಣ್ಣಿನೊಳಗಿನ ಕಳೆ

ಜಯನಗರದ ನಾಲ್ಕನೆಯ ಬ್ಲಾಕಿನಲ್ಲಿ ಬಸ್ಸಿಗಾಗಿ ಕಾದು ನಿಂತ ವೃದ್ಧರೊಬ್ಬರನ್ನು ಊಹಿಸಿಕೊಳ್ಳಿ. ಬಸ್ಸು ಬರುವುದು ಕಾಣುತ್ತದೆ. ಅದರ ಸಂಖ್ಯೆ ಮಾತ್ರ ಕಾಣದು. ನೆಟ್ಟಗಿರುವ ದೀಪದ ಕಂಬವೂ ಡೊಂಕಾಗಿ ತೋರುತ್ತದೆ. ಕನ್ನಡಕ ಬದಲಿಸಿದರೂ ಫಲವಿಲ್ಲ. ಇದೇಕೆ?

ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ತೆಳುಪೊರೆಯೇ ಅಕ್ಷಿಪಟಲ. ಅದರ ನಡುವೆ ಸುಮಾರು 5 ಮಿಲಿಮೀಟರ್ ಅಗಲದ ಹಳದಿ ಚುಕ್ಕೆಯೊಂದುಂಟು. ಅಕ್ಷರವನ್ನೋದಲು, ಮುಖವನ್ನು ಗುರುತಿಸಲು ಇದೇ ಆಧಾರ. ವಯಸ್ಸಾದ ಕೆಲವರಲ್ಲಿ ಈ ಚುಕ್ಕೆಯ ಅಡಿಯಿಂದ ಹೊಸ ರಕ್ತನಾಳಗಳು ಕಳೆಯಂತೆ ಮೇಲೇಳುತ್ತವೆ. ದುರ್ಬಲವಾದ ಆ ನಾಳಗಳಿಂದ ರಕ್ತವೂ ದ್ರವವೂ ಒಸರಿ, ಕೊನೆಗೆ ಗಾಯದ ಕಲೆ ಉಳಿಯುತ್ತದೆ.

ಕಳೆಯನ್ನು ಕಿತ್ತುಹಾಕಬಾರದೆ? ಅಮೆರಿಕದ ಥಾಮಸ್ ಮತ್ತು ಕಪ್ಲಾನ್ ಎಂಬ ವೈದ್ಯರು ಅಂತಹ ಶಸ್ತ್ರಕ್ರಿಯೆಯನ್ನು 1991ರಲ್ಲಿ ವರದಿ ಮಾಡಿದರು. ಅಕ್ಷಿಪಟಲದಲ್ಲಿ ಸೂಕ್ಷ್ಮ ರಂಧ್ರ ಮಾಡಿ, ನಾಳಗಳ ಗಂಟನ್ನು ಚಿಮುಟದಿಂದ ಹೊರಗೆಳೆಯುವುದೇ ಅದರ ಕ್ರಮ. ಆದರೆ ವೃದ್ಧರಲ್ಲಿ ಕಳೆಯೊಡನೆ ಪೈರೂ ಬಂದಂತೆ, ಅಕ್ಷಿಪಟಲವನ್ನು ಪೋಷಿಸುವ ಕೋಶಗಳೂ ಕಿತ್ತುಬರುತ್ತಿದ್ದವು. ಶಸ್ತ್ರಕ್ರಿಯೆಗೊಳಗಾದ ವೃದ್ಧರ ದೃಷ್ಟಿ ಇತರರದಕ್ಕಿಂತ ಉತ್ತಮವಾಗಿ ಉಳಿಯಲಿಲ್ಲವೆಂದು 2004ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದು ತೋರಿಸಿತು.

ಹಾಗಾದರೆ ದಾರಿ? ನಾಳಗಳನ್ನು ಬೆಳೆಸುವ ಪ್ರೋಟೀನನ್ನೇ ತಡೆಯುವುದು. ಅಂತಹ ಔಷಧವಾದ ರಾನಿಬಿಜುಮ್ಯಾಬ್ 2006ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಇಂದು ಬೆಂಗಳೂರಿನ ತಜ್ಞರೂ ಈ ರೋಗಕ್ಕೆ ಹೆಚ್ಚಾಗಿ ಹಿಡಿಯುವುದು ಕತ್ತಿಯನ್ನಲ್ಲ, ಸೂಜಿಯನ್ನು.

ಆದರೂ ಒಮ್ಮೆ ಕಲೆಗಟ್ಟಿದ ಮೇಲೆ ಸೂಜಿಯೂ ನಿರುಪಾಯ. ಆದುದರಿಂದ ವಾಚಕರೇ, ನಿಮ್ಮ ಗಣಿತದ ಚೌಕುಳಿ ಹಾಳೆಯನ್ನು ಅಜ್ಜ ಅಜ್ಜಿಯರ ಮುಂದೆ ಹಿಡಿಯಿರಿ. ಓದುವ ಕನ್ನಡಕ ಧರಿಸಿ ಒಂದೊಂದೇ ಕಣ್ಣಿನಿಂದ ನೋಡಲಿ. ಗೆರೆ ಬಾಗಿ ಕಂಡರೆ ಕೂಡಲೇ ನೇತ್ರವೈದ್ಯರಲ್ಲಿಗೆ ಕರೆದೊಯ್ಯಿರಿ.