ಕಣ್ಣೊಳಗಿನ ಮಿಂಚು

ಕಬ್ಬು ಕಟಾವಿನ ಕಾಲದ ಒಂದು ಸಂಜೆ, ಉಗಾರ ಬುದ್ರುಕದ ಹಿರಿಯ ರೈತರೊಬ್ಬರು ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಒಂದು ವಿಚಿತ್ರವನ್ನು ಹೇಳಿದರು. “ಸರ, ಮೋಡ ಇಲ್ಲ, ಗುಡುಗ ಇಲ್ಲ. ಕತ್ತ ಹೊಳ್ಳಿಸಿದರ ಸಾಕ, ಬಲಗಣ್ಣಿನ ಮಗ್ಗಲಕ ಮಿಂಚ ಹೊಡದಂಗ ಆಗತೈತ್ರಿ.” ಎರಡು ದಿನಗಳಿಂದ ಹೀಗಾಗುತ್ತಿತ್ತು. ಅಂದು ಮಧ್ಯಾಹ್ನದಿಂದ ಅದೇ ಕಣ್ಣಿನೆದುರು ಕರಿ ಹಾರಾಡಿದಂತೆಯೂ ಕಾಣತೊಡಗಿತ್ತು. ಕಬ್ಬಿನ ರವದಿಯನ್ನು ಸುಟ್ಟಾಗ ಗಾಳಿಯಲ್ಲಿ ತೇಲಿಬರುವ ಕರಿಯೆಂದು ಭಾವಿಸಿ ಅವರು ಅದನ್ನು ಕೈಯಿಂದ ಸರಿಸಲು ಯತ್ನಿಸಿದ್ದರು. ಕರಿ ಕೈಗೆ ಸಿಕ್ಕಲಿಲ್ಲ. ಕಣ್ಣು ಹೊರಳಿದತ್ತ ಅದೂ ಹೊರಳಿತು.

ನಾವು ವೈದ್ಯರಲ್ಲ, ಭೌತಶಾಸ್ತ್ರದ ಪಾಠ ಹೇಳುವವರು. ಆದರೂ ಬೆಳಕಿಲ್ಲದೆ ಬೆಳಕು ಕಾಣುವುದು ಹೇಗೆಂಬ ಪ್ರಶ್ನೆ ನಮ್ಮ ಶಾಸ್ತ್ರದ ಹೊಸ್ತಿಲಲ್ಲೇ ನಿಂತಿದೆ. 1660ರ ದಶಕದಲ್ಲಿ ಐಸಾಕ್ ನ್ಯೂಟನ್ ತನ್ನ ಕಣ್ಣುಗುಡ್ಡೆಗೂ ಮೂಳೆಗೂ ನಡುವೆ ದಬ್ಬಣದಂತಹ ಸಾಧನವನ್ನು ತೂರಿಸಿ ಒತ್ತಿ, ಕಂಡ ಬಣ್ಣದ ವೃತ್ತಗಳನ್ನು ಟಿಪ್ಪಣಿಯ ಪುಸ್ತಕದಲ್ಲಿ ಬರೆದಿಟ್ಟನು. ವಾಚಕರು ಅಂತಹ ಸಾಹಸಕ್ಕೆ ಕೈಹಾಕಬೇಕಾಗಿಲ್ಲ. ಕಣ್ಣು ಮುಚ್ಚಿ, ದೃಷ್ಟಿಯನ್ನು ಮೂಗಿನ ಕಡೆಗೆ ತಿರುಗಿಸಿ, ರೆಪ್ಪೆಯ ಹೊರತುದಿಯನ್ನು ಬೆರಳಿನಿಂದ ಬಹು ಮೃದುವಾಗಿ ಒತ್ತಿದರೆ ಸಾಕು. ಬೆರಳಿರುವುದು ಕಿವಿಯ ಕಡೆಗೆ. ಮಸುಕಾದ ಬೆಳಕಿನ ಬಳೆ ಕಾಣುವುದು ಮೂಗಿನ ಕಡೆಗೆ! (ಕಣ್ಣಿನ ಕಾಯಿಲೆ ಉಳ್ಳವರೂ ದಪ್ಪ ಕನ್ನಡಕದವರೂ ಈ ಪ್ರಯೋಗವನ್ನು ಮಾಡಬಾರದು.)

ಕಾರಣ ಸರಳವಾಗಿದೆ. ಕಣ್ಣಿನ ಹಿಂಬದಿಯ ಒಳಮೈಗೆ ಹಾಸಿದ ತೆಳುವಾದ ನರದ ಪೊರೆಯೇ ಅಕ್ಷಿಪಟ. ಅದಕ್ಕೆ ಗೊತ್ತಿರುವುದು ಒಂದೇ ಭಾಷೆ. ಬೆಳಕು ಬಿದ್ದರೂ, ಬೆರಳು ಒತ್ತಿದರೂ, ಯಾವುದೋ ಎಳೆ ಜಗ್ಗಿದರೂ ಅದು ಮೆದುಳಿಗೆ ಕಳುಹುವ ಸುದ್ದಿ “ಬೆಳಕು” ಎಂದೇ. ಮಸೂರವು ಬಿಂಬವನ್ನು ತಲೆಕೆಳಗಾಗಿಯೂ ಎಡಬಲ ಬದಲಾಗಿಯೂ ಮೂಡಿಸುವುದರಿಂದ, ಹೊರಬದಿಯ ಅಕ್ಷಿಪಟದಿಂದ ಬಂದ ಸುದ್ದಿಯನ್ನು ಮೆದುಳು ಮೂಗಿನ ಕಡೆಯ ಬೆಳಕೆಂದು ಓದಿಕೊಳ್ಳುತ್ತದೆ.

ಹಾಗಾದರೆ ನಮ್ಮ ಹಿರಿಯರ ಕಣ್ಣೊಳಗೆ ಜಗ್ಗುತ್ತಿದ್ದುದು ಯಾವುದು? ಮಸೂರದ ಹಿಂದಿನ ಕುಹರವನ್ನು ಸುಮಾರು 4 ಘನ ಸೆಂಟಿಮೀಟರಿನಷ್ಟು ಲೋಳೆಯಂತಹ ಕಾಚದ್ರವವು ತುಂಬಿರುತ್ತದೆ. ಅದರಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಪಾಲು ನೀರು. ಉಳಿದುದರಲ್ಲಿ ಮುಖ್ಯವಾದುದು ಅತಿ ನವಿರಾದ ಎಳೆಗಳ ಜಾಲ. ಎಳೆಯ ವಯಸ್ಸಿನಲ್ಲಿ ಈ ಲೋಳೆ ಅಕ್ಷಿಪಟಕ್ಕೆ ಅಂಟಿಕೊಂಡಿರುತ್ತದೆ. ವಯಸ್ಸು ಐವತ್ತು ಅರವತ್ತಾಗುವ ವೇಳೆಗೆ, ಸಮೀಪದೃಷ್ಟಿಯುಳ್ಳವರಲ್ಲಿ ಅದಕ್ಕೂ ಮೊದಲೇ, ಅದು ಅಲ್ಲಲ್ಲಿ ನೀರಾಗಿ, ಕುಗ್ಗಿ, ಅಕ್ಷಿಪಟದಿಂದ ಬಿಡಿಸಿಕೊಳ್ಳುತ್ತದೆ. ಕತ್ತು ಹೊರಳಿದಾಗ ತಂಬಿಗೆಯ ನೀರು ತುಳುಕುವಂತೆ ಅದು ತುಳುಕಿ, ಇನ್ನೂ ಅಂಟಿಕೊಂಡಿರುವ ಕಡೆಯಲ್ಲಿ ಅಕ್ಷಿಪಟವನ್ನು ಜಗ್ಗುತ್ತದೆ. ಆಗ ಮಿಂಚು! ಬಿಡಿಸಿಕೊಂಡ ಎಳೆಗಳೂ ಗಂಟುಗಳೂ ಅಕ್ಷಿಪಟದ ಮೇಲೆ ನೆರಳನ್ನು ಚೆಲ್ಲುತ್ತವೆ. ಜೇಡರ ಎಳೆಯಂತೆ, ನುಸಿಯಂತೆ ತೇಲುವ ಆಕೃತಿಗಳು ಈ ನೆರಳುಗಳೇ.

ಬಹುಜನರಲ್ಲಿ ಕತೆ ಇಲ್ಲಿಗೇ ಮುಗಿಯುತ್ತದೆ. ಮಿಂಚು ಕೆಲವು ವಾರಗಳಲ್ಲಿ ಇಳಿಮುಖವಾಗುತ್ತದೆ. ಎಳೆಗಳಿಗೆ ಕಣ್ಣು ಒಗ್ಗಿಹೋಗುತ್ತದೆ. ಆದರೆ ಕೆಲವರಲ್ಲಿ ಲೋಳೆ ಬಿಡಿಸಿಕೊಳ್ಳುವಾಗ ಅಕ್ಷಿಪಟವನ್ನೇ ಹರಿಯುತ್ತದೆ. ಸಣ್ಣ ರಕ್ತನಾಳವೊಂದು ಒಡೆದರೆ ಕರಿಯ ಮಳೆ ಸುರಿದಂತೆ ಚುಕ್ಕೆಗಳು ಕಾಣುತ್ತವೆ. ಹರಕಿನ ಮೂಲಕ ನೀರು ಒಳನುಗ್ಗಿ, ಗೋಡೆಯಿಂದ ಸುಣ್ಣದ ಹಕ್ಕಳೆ ಏಳುವಂತೆ ಅಕ್ಷಿಪಟವು ಮೇಲೇಳುತ್ತದೆ. ಆಗ ದೃಷ್ಟಿಯ ಒಂದು ಅಂಚಿನಿಂದ ಪರದೆ ಇಳಿದಂತಾಗುತ್ತದೆ. ಅಕ್ಷಿಪಟದ ಬೆಳಕು ಹಿಡಿಯುವ ಕೋಶಗಳಿಗೆ ಆಮ್ಲಜನಕ ಬರುವುದು ಅವುಗಳ ಬೆನ್ನಹಿಂದಿನ ರಕ್ತಪಟಲದಿಂದ. ಆ ಸಂಬಂಧ ಕಡಿದ ಕೋಶಗಳು ದಿನದಿಂದ ದಿನಕ್ಕೆ ಸೊರಗುತ್ತವೆ. ಪರದೆಯು ದೃಷ್ಟಿಯ ನಡುಭಾಗವನ್ನು ಮುಟ್ಟುವ ಮೊದಲೇ ಚಿಕಿತ್ಸೆಯಾದರೆ ಓದುವ ದೃಷ್ಟಿ ಉಳಿಯುವ ಸಂಭವ ಹೆಚ್ಚು. ಮುಟ್ಟಿದ ಮೇಲೆ ಅಕ್ಷಿಪಟವನ್ನು ಮರಳಿ ಕೂರಿಸಿದರೂ ಹಿಂದಿನ ನಿಚ್ಚಳತೆ ಪೂರ್ಣವಾಗಿ ಬರದಿರಬಹುದು. ನೋವು ಎಳ್ಳಷ್ಟೂ ಇರುವುದಿಲ್ಲ. ಜನ ಮೋಸಹೋಗುವುದು ಇಲ್ಲಿಯೇ.

ಈ ಹರಕೇ ರೋಗದ ಮೂಲವೆಂದು ತೋರಿಸಿ ಅದನ್ನು ಕಾಸಿ ಮುಚ್ಚಿದವನು ಸ್ವಿಟ್ಸರ್ಲೆಂಡಿನ ಲೊಸಾನ್ ನಗರದ ಜೂಲ್ ಗೊನೆ. ಕಾಲ 1920ರ ಸುಮಾರು. ಮುಂದಿನ ಹೆಜ್ಜೆ ನಮ್ಮಂತಹ ಭೌತಶಾಸ್ತ್ರದವರಿಗೆ ಇನ್ನೂ ರುಚಿಕರವಾಗಿದೆ. 1945ರ ಜುಲೈ ತಿಂಗಳ ಸೂರ್ಯಗ್ರಹಣವನ್ನು ಬರಿಗಣ್ಣಿನಿಂದ ನೋಡಿ ಅಕ್ಷಿಪಟವನ್ನು ಸುಟ್ಟುಕೊಂಡವರನ್ನು ಪರೀಕ್ಷಿಸಿದ ಜರ್ಮನಿಯ ಗೇರ್ಡ್ ಮೇಯರ್-ಶ್ವಿಕೆರಾತ್ ಎಂಬ ತರುಣ ವೈದ್ಯನಿಗೆ, ಬೆಳಕು ಮಾಡಿದ ಗಾಯವು ಕಲೆಗಟ್ಟುವುದಾದರೆ ಆ ಕಲೆಯಿಂದಲೇ ಹರಕನ್ನು ಬೆಸೆಯಬಾರದೇಕೆ ಎಂಬ ಯೋಚನೆ ಹೊಳೆಯಿತು. ಅವನು ಕನ್ನಡಿಗಳ ಸಹಾಯದಿಂದ ಬಿಸಿಲನ್ನೇ ರೋಗಿಯ ಕಣ್ಣಿಗೆ ಹಾಯಿಸಿದನು. ಮೋಡ ಕವಿದ ದಿನ ಶಸ್ತ್ರಚಿಕಿತ್ಸೆಗೆ ರಜೆ! ಬಳಿಕ ಬಿಸಿಲಿನ ಬದಲು ಕ್ಸೆನಾನ್ ದೀಪ ಬಂದಿತು. 1960ರಲ್ಲಿ ಲೇಸರ್ ಹುಟ್ಟಿದ ಮೇಲೆ ಆ ಕೆಲಸ ಅದರ ಪಾಲಾಯಿತು.

ಗ್ರಹಣದ ಮಾತು ಬಂದುದರಿಂದ ಒಂದು ಊರಿನ ಹೆಸರನ್ನು ಹೇಳದೆ ಮುಂದುವರಿಯಲಾರೆವು. ಉಗಾರದಿಂದ ಕೃಷ್ಣೆಯ ಹರಿವಿನ ದಿಕ್ಕಿನಲ್ಲಿ ಸಾಗಿದರೆ ದೂರವಲ್ಲದ ಜಮಖಂಡಿಯಲ್ಲಿ, 18 ಆಗಸ್ಟ್ 1868ರ ಖಗ್ರಾಸ ಗ್ರಹಣವನ್ನು ಲೆಫ್ಟಿನೆಂಟ್ ಜಾನ್ ಹರ್ಷೆಲ್ ರೋಹಿತದರ್ಶಕದಿಂದ ನೋಡಿ, ಸೌರಜ್ವಾಲೆಗಳು ಕಾದ ಅನಿಲವೆಂದು ಸಾರುವ ಉಜ್ವಲ ರೇಖೆಗಳನ್ನು ಕಂಡನು. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗನಾತ.

ಬರಿಗಣ್ಣಿನಿಂದ ಸೂರ್ಯನನ್ನು ದಿಟ್ಟಿಸಿದರೆ ಆಗುವುದೇನೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. ಸೂರ್ಯಬಿಂಬದ ಕೋನ ಅರ್ಧ ಡಿಗ್ರಿಗಿಂತ ತುಸು ಹೆಚ್ಚು, ಅಂದರೆ 0.0093 ರೇಡಿಯನ್, ಇದನ್ನು ಕಣ್ಣಿನ 17 ಮಿಲಿಮೀಟರಿನಿಂದ ಗುಣಿಸಿದರೆ ಅಕ್ಷಿಪಟದ ಮೇಲಿನ ಬಿಂಬದ ಅಗಲ ಸುಮಾರು 0.16 ಮಿಲಿಮೀಟರ್. ನೋಟದ ನಟ್ಟನಡುವೆ, ಅಕ್ಷರ ಓದುವ ಜಾಗದಲ್ಲಿಯೇ ಅದು ಬೀಳುತ್ತದೆ. ಅಕ್ಷಿಪಟದಲ್ಲಿ ನೋವಿನ ನರಗಳಿಲ್ಲ. ಕೆಲವು ಗಂಟೆಗಳ ನಂತರ ನೋಟದ ನಡುವೆ ಕಪ್ಪು ಚುಕ್ಕೆ ಕಂಡಾಗಲೇ ಹಾನಿ ತಿಳಿಯುವುದು. 2 ಆಗಸ್ಟ್ 2027ರಂದು ನಮ್ಮ ಸೀಮೆಯಲ್ಲಿ ಪಾರ್ಶ್ವಗ್ರಹಣವಿದೆ. ಮಸಿ ಹಿಡಿಸಿದ ಗಾಜು, ಹಳೆಯ ಎಕ್ಸ್-ರೇ ಹಾಳೆ ಇವುಗಳನ್ನು ನೆಚ್ಚಬಾರದು. ರಟ್ಟಿನಲ್ಲಿ ಸೂಜಿಯಿಂದ ರಂಧ್ರ ಮಾಡಿ, ಅದರ ಮೂಲಕ ಬಿಂಬವನ್ನು ಗೋಡೆಯ ಮೇಲೆ ಬೀಳಿಸಿ ನೋಡಬಹುದು.

ಕಣ್ಣಿಗೆ ಏನೂ ಆಗದೆ ಮೆದುಳಿನಲ್ಲಿಯೇ ಹುಟ್ಟುವ ಬೆಳಕೂ ಉಂಟು. ಅರೆತಲೆನೋವಿನವರಿಗೆ ಇದು ಪರಿಚಿತ. ನೋಟದ ನಡುವೆ ಸಣ್ಣ ಮಸುಕು ಮೂಡಿ, ಮಿನುಗುವ ಅಂಕುಡೊಂಕು ಗೆರೆಯಾಗಿ, ಕೋಟೆಗೋಡೆಯ ನಕ್ಷೆಯಂತೆ ಅಂಚಿನತ್ತ ಹಿಗ್ಗುತ್ತ ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ ಮರೆಯಾಗುತ್ತದೆ. ಇಂಗ್ಲೆಂಡಿನ ರಾಜ ಖಗೋಳಜ್ಞ ಜಾರ್ಜ್ ಏರಿ 1865ರಲ್ಲಿ ತನ್ನ ಅನುಭವವನ್ನೇ ಪ್ರಕಟಿಸಿದನು. 1870ರಲ್ಲಿ ಅವನ ಮಗ ಹ್ಯೂಬರ್ಟನು ಸುಂದರವಾದ ಚಿತ್ರಗಳನ್ನು ಕೊಟ್ಟನು. ಕಾರ್ಲ್ ಲ್ಯಾಷ್ಲಿ ತನಗೆ ಕಂಡ ಗೆರೆಯ ಚಲನೆಯನ್ನು ಅಳೆದು, ಮೆದುಳಿನ ಮೇಲ್ಮೈಯಲ್ಲಿ ನಿಮಿಷಕ್ಕೆ 3 ಮಿಲಿಮೀಟರ್ ವೇಗದಲ್ಲಿ ಒಂದು ಅಲೆ ಸಾಗುತ್ತಿರಬೇಕೆಂದು 1941ರಲ್ಲಿ ಲೆಕ್ಕ ಹಾಕಿದನು. 1944ರಲ್ಲಿ ಲೆಆವುಂ ಎಂಬ ಬ್ರೆಜಿಲಿನ ವಿಜ್ಞಾನಿ ಮೊಲದ ಮೆದುಳಿನಲ್ಲಿ ಅಂತಹುದೇ ನಿಧಾನದ ಅಲೆಯನ್ನು ವರದಿ ಮಾಡಿದನು. ಕುಳಿತಲ್ಲಿಯೇ ಗಡಿಯಾರ ಹಿಡಿದು ತನ್ನ ಮೆದುಳನ್ನು ಅಳೆಯುವುದಕ್ಕಿಂತ ಅಗ್ಗದ ಪ್ರಯೋಗ ಇನ್ನೊಂದಿರಲಾರದು!

ಕಣ್ಣಿನದೋ ಮೆದುಳಿನದೋ ಎಂದು ತಿಳಿಯಲು ಒಂದೊಂದೇ ಕಣ್ಣನ್ನು ಅಂಗೈಯಿಂದ ಮರೆಮಾಡಿ ನೋಡಬೇಕು. ಒಂದೇ ಕಣ್ಣಿನಲ್ಲಿ ಕಂಡರೆ ಮೂಲ ಆ ಕಣ್ಣಿನಲ್ಲಿ ಅಥವಾ ಅದರ ನರ, ರಕ್ತನಾಳಗಳಲ್ಲಿ. ಎರಡರಲ್ಲೂ ಒಂದೇ ಕಡೆ ಕಂಡರೆ ಬಹುತೇಕ ಮೆದುಳಿನಲ್ಲಿ. ಒಂದು ಕಣ್ಣಿನ ನೋಟ ಪರದೆ ಎಳೆದಂತೆ ಕತ್ತಲಾಗಿ ಕೆಲವೇ ನಿಮಿಷಗಳಲ್ಲಿ ಮರಳಿದರೆ, ಕತ್ತಿನ ರಕ್ತನಾಳದಿಂದ ಸಿಡಿದ ಚೂರೊಂದು ಅಕ್ಷಿಪಟದ ನಾಳವನ್ನು ತಡೆದು ಸರಿದುಹೋಗಿರಬಹುದು. ಮುಂದಿನ ಚೂರು ಮೆದುಳಿಗೆ ಹೋದರೆ ಲಕವಾ ಹೊಡೆಯುತ್ತದೆ. ನೋಟ ಮರಳಿತೆಂದು ಸುಮ್ಮನಿರುವಂತಿಲ್ಲ. ದೀಪದ ಸುತ್ತ ಬಣ್ಣದ ಬಳೆ, ಜೊತೆಗೆ ಕಣ್ಣುನೋವು, ವಾಂತಿ ಇದ್ದರೆ ಕಣ್ಣಿನ ಒತ್ತಡ ಹಠಾತ್ತನೆ ಏರಿದೆಯೆಂದು ಶಂಕಿಸಬೇಕು. ಪಾರದರ್ಶಕ ಪಟಲದಲ್ಲಿ ನೀರು ತುಂಬಿ, ತೆಳುಮೋಡದ ಹಿಂದಿನ ಚಂದ್ರನ ಬಳೆಯಂತೆ ಬೆಳಕು ವಿವರ್ತನೆ ಹೊಂದುತ್ತದೆ.

ಕಬ್ಬಿನ ನಾಡಿನವರು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಕಾಕಂಬಿಯನ್ನು ಹುದುಗಿಸಿದಾಗ ಸಿಗುವುದು ಈಥೈಲ್ ಮದ್ಯಸಾರ. ಕಳ್ಳಭಟ್ಟಿಗೆ ಬೆರೆಸುವ ಮಿಥೈಲ್ ಮದ್ಯಸಾರವು ಬೇರೆಯೇ ವಸ್ತು. ದೇಹದಲ್ಲಿ ಅದು ಫಾರ್ಮಿಕ್ ಆಮ್ಲವಾಗಿ ದೃಷ್ಟಿನರವನ್ನು ಕೊಲ್ಲುತ್ತದೆ. ಕುಡಿದವನಿಗೆ ಮರುದಿನ ಎಲ್ಲವೂ ದಟ್ಟ ಮಂಜಿನಲ್ಲಿ ಮುಳುಗಿದಂತೆ ಕಾಣುತ್ತದೆ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಇಂತಹ ವಿಷಮದ್ಯಕ್ಕೆ 300ಕ್ಕೂ ಹೆಚ್ಚು ಜನ ಬಲಿಯಾದರು.

ನಮ್ಮ ಹಿರಿಯರಿಗೆ ಮರುದಿನ ಬೆಳಗ್ಗೆಯೇ ಉಗಾರ ಖುರ್ದದಿಂದ ರೈಲು ಹಿಡಿದು ಮಿರಜಿಗೆ ಹೋಗಿರೆಂದು ಹೇಳಿದೆವು. ಕಬ್ಬಿನ ಗಾಡಿ ತುಂಬಿಸಿ ಹೋಗುವೆನೆಂದರು, ನೋವಿಲ್ಲವಲ್ಲ! ಅವರು ಹೋದುದು ಮೂರನೆಯ ದಿನ. ವೈದ್ಯರು ಕಣ್ಣಿನ ಪಾಪೆಯನ್ನು ಹನಿಮದ್ದಿನಿಂದ ಅಗಲಗೊಳಿಸಿ ನೋಡಿದಾಗ ಅಂಚಿನಲ್ಲಿ ಕುದುರೆಲಾಳದ ಆಕಾರದ ಹರಕು ಕಂಡಿತು. ಅದೃಷ್ಟವಶಾತ್ ನೀರು ಇನ್ನೂ ಒಳಗೆ ಇಳಿದಿರಲಿಲ್ಲ. ಲೇಸರಿನಿಂದ ಸುತ್ತಲೂ ಬೆಸುಗೆ ಹಾಕಿ ಅಂದೇ ಮನೆಗೆ ಕಳುಹಿದರು. ಮಿಂಚು ಈಗ ನಿಂತಿದೆ. ಒಂದು ಕರಿಯ ಎಳೆ ಮಾತ್ರ ಉಳಿದಿದ್ದು, ಬಿಸಿಲಿಗೆ ಹೊಳೆಯುವ ಹೊಳೆಯ ನೀರನ್ನು ನೋಡುವಾಗ ಎದುರಿಗೆ ಬರುತ್ತದೆಯಂತೆ.