ಲಿಂಬೆ-ಪುದೀನದ ತಂಪು ಪಾನೀಯ: ಕೋಣೆಯಲ್ಲಿಯೇ ಸಿದ್ಧಪಡಿಸುವ ಬಗೆ

ವೈಶಾಖದ ಬಿಸಿಲು ಮುಂಬಯಿಯ ತಗಡಿನ ಮಾಡುಗಳ ಮೇಲೆ ಇಳಿಯತೊಡಗಿತೆಂದರೆ ಮನುಷ್ಯನಿಗೆ ಅನ್ನಕ್ಕಿಂತ ನೀರಿನ ಚಿಂತೆಯೇ ಹೆಚ್ಚಾಗುತ್ತದೆ. ನಸುಕಿನಲ್ಲೆದ್ದು ಇಡ್ಲಿಯ ಹಬೆಯ ಮುಂದೆ ನಿಲ್ಲುವ ಭಟ್ಟರಿಗೂ, ಮೂರು ಮಾಳಿಗೆ ಹತ್ತಿ ಪಾರ್ಸೆಲು ಮುಟ್ಟಿಸುವ ಹುಡುಗನಿಗೂ, ಲೋಕಲ್ ಗಾಡಿಯಲ್ಲಿ ಜೋತುಬಿದ್ದು ಕಚೇರಿ ಸೇರುವ ಗುಮಾಸ್ತನಿಗೂ ಈ ದಿನಗಳಲ್ಲಿ ಬಯಕೆ ಒಂದೇ. ಸಂಜೆ ಕೋಣೆಗೆ ಮರಳಿದಾಗ ತಂಪಾದುದೇನಾದರೂ ಒಂದು ಲೋಟ ದೊರೆಯಬೇಕು. ಅಷ್ಟಾದರೆ ಆ ದಿನದ ದುಡಿಮೆಯ ಅರ್ಧ ಆಯಾಸ ಪರಿಹಾರವಾದಂತೆಯೇ.

ಪ್ರಕೃತ ಲೇಖನದ ವಿಷಯ ಅಂಥದೊಂದು ಲೋಟ. ಹುಳಿಯ ಹಣ್ಣು, ಸುವಾಸನೆಯ ಸೊಪ್ಪು, ಸ್ವಲ್ಪ ಸಕ್ಕರೆ, ತಣ್ಣನೆಯ ನೀರು: ಇಷ್ಟೇ ಇದರ ಸಾಮಗ್ರಿ. ಆದರೆ ಇದೇ ವಸ್ತು ದೊಡ್ಡ ಹೋಟೆಲಿನ ಗಾಜಿನ ಲೋಟವನ್ನೇರಿ, ‘ಮೊಜಿಟೊ’ ಎಂಬ ಹೆಸರು ಹೊತ್ತು, ‘ಕಾಕ್‌ಟೇಲ್’ಗಳ ಪಂಕ್ತಿಯಲ್ಲಿ ಕುಳಿತಾಗ ಅದರ ಬೆಲೆ ಹತ್ತು ಪಟ್ಟಾಗುತ್ತದೆ. ಇಂದು ಮದ್ಯವಿಲ್ಲದ ಮೊಜಿಟೊ ಅನೇಕ ಉಡುಪಿ ಹೋಟೆಲುಗಳ ತಿಂಡಿಪಟ್ಟಿಯಲ್ಲಿಯೂ ಕಾಣಿಸಿಕೊಂಡಿದೆ. ಅದನ್ನು ಮಾಡಿಕೊಡುವವರು ನಮ್ಮವರೇ. ಆದುದರಿಂದ ಅದನ್ನು ಸರಿಯಾಗಿ ಮಾಡುವ ಕ್ರಮವನ್ನು ನಾವು ತಿಳಿದಿರುವುದು ಕೋಣೆಯ ಸುಖಕ್ಕೂ ಸೈ, ಕಸುಬಿನ ಗೌರವಕ್ಕೂ ಸೈ.

ಒಂದು ತಪ್ಪೊಪ್ಪಿಗೆ

ಈ ಪತ್ರಿಕೆಯ ಮೇಜಿಗೆ ಬರುವ ಮೊದಲು ನಾನು ಹೋಟೆಲಿನ ಗಲ್ಲಾದ ಹಿಂದೆ ಕುಳಿತವನು. ಆ ಕಾಲದ ನನ್ನದೊಂದು ತಪ್ಪನ್ನು ಮೊದಲು ಹೇಳಿಬಿಡುತ್ತೇನೆ.

2022ನೆಯ ಇಸವಿಯ ಬೇಸಗೆಯನ್ನು ಹೋಟೆಲಿನವರಾರೂ ಮರೆಯಲಾರರು. ಆ ವರ್ಷದ ಮಾರ್ಚ್ ತಿಂಗಳು ಹವಾಮಾನ ಇಲಾಖೆಯ ನೂರಿಪ್ಪತ್ತು ವರ್ಷಗಳಿಗೂ ಮಿಕ್ಕ ದಾಖಲೆಯಲ್ಲಿಯೇ ಅತ್ಯಂತ ಬಿಸಿಯಾದುದಾಗಿತ್ತು. ಇಳುವರಿ ಕುಸಿಯಿತು, ಡೀಸೆಲಿನ ಬೆಲೆಯೇರಿ ಸಾಗಾಟವೂ ದುಬಾರಿಯಾಯಿತು. ಏಪ್ರಿಲಿನಲ್ಲಿ ಒಂದು ಲಿಂಬೆಹಣ್ಣಿಗೆ ಹತ್ತು ರೂಪಾಯಿ, ಕೆಲವೆಡೆ ಅದಕ್ಕಿಂತಲೂ ಹೆಚ್ಚು! ನಾನು ಲೆಕ್ಕ ಹಾಕಿದೆ. ಜ್ಯೂಸ್ ಕೌಂಟರಿನ ಹುಡುಗನನ್ನು ಕರೆದು, “ಇನ್ನು ಲಿಂಬೆ ಬೇಡ ಮಾರಾಯ. ಸಿಟ್ರಿಕ್ ಆ್ಯಸಿಡಿನ ಪುಡಿಯನ್ನು ನೀರಿನಲ್ಲಿ ಕದಡಿಡು. ಪುದೀನಕ್ಕೆ ಆ ಹಸಿರು ಬಣ್ಣದ ಬಾಟ್ಲಿ ಉಂಟಲ್ಲ, ಅದನ್ನೇ ಹಾಕು” ಎಂದೆ. ಆತ ಕುಂದಾಪುರದ ಕಡೆಯವನು, ಇಪ್ಪತ್ತೆರಡರ ಪ್ರಾಯ. “ಆಯ್ತು ಧಣಿ” ಎಂದ. ಮುಖ ಮಾತ್ರ ಬಾಡಿತು.

ನಮ್ಮಲ್ಲಿಗೆ ಪ್ರತಿದಿನ ನಾಲ್ಕು ಗಂಟೆಗೆ ಬರುವ ನಿವೃತ್ತ ಗುಮಾಸ್ತರೊಬ್ಬರಿದ್ದರು. ಅವರು ಆ ದಿನ ಒಂದು ಗುಟುಕು ಕುಡಿದು ಲೋಟವನ್ನು ಕೆಳಗಿಟ್ಟರು. ಗಲ್ಲಾಕ್ಕೆ ಬಂದು ಪೂರ್ತಿ ಹಣ ಎಣಿಸಿಕೊಟ್ಟು, ಮೆಲುದನಿಯಲ್ಲಿ, “ನೋಡಿ ಮಾರಾಯರೇ, ಲಿಂಬೆ ದುಬಾರಿಯಾದರೆ ದರ ಏರಿಸಿ; ಇಲ್ಲವೇ ಇಂದು ಲಿಂಬೆಯಿಲ್ಲವೆಂದು ಹೇಳಿ. ಎರಡೂ ಮರ್ಯಾದೆಯ ಮಾತೇ” ಎಂದು ಹೇಳಿ ಹೊರಟುಹೋದರು. ಮರುದಿನ ಬರಲಿಲ್ಲ. ವಾರ ಕಳೆದರೂ ಬರಲಿಲ್ಲ.

ಆ ರಾತ್ರಿ ಅಂಗಡಿ ಮುಚ್ಚುವಾಗ ಹುಡುಗನನ್ನು ಕೇಳಿದೆ, “ನಿನಗೆ ಮೊದಲೇ ಗೊತ್ತಿತ್ತಲ್ಲ, ಹೇಳಬಾರದಿತ್ತೇ?” ಎಂದು. “ನಾನು ಹೇಳುವುದು ಹೇಗೆ ಧಣಿ? ಆದರೆ ಅವರಿಗೆ ಲೋಟ ಕೊಡುವಾಗ ನಾನು ಮುಖ ನೋಡಲಿಲ್ಲ” ಎಂದ. ಈ ಮಾತು ಗಿರಾಕಿಯ ಮಾತಿಗಿಂತಲೂ ಹೆಚ್ಚು ನಾಟಿತು. ದುಡ್ಡು ಉಳಿಸಿದವನು ನಾನು. ತಲೆ ತಗ್ಗಿಸಿದವನು ಅವನು. ಮರುದಿನವೇ ಬಾಟ್ಲಿಯನ್ನು ತೆಗೆಸಿ, ಶರಬತ್ತಿನ ದರ ಏರಿಸಿ, ಕಾರಣವನ್ನು ಹಲಗೆಯ ಮೇಲೆ ಬರೆಯಿಸಿದೆ. ಕೆಳಗೆ ಹೇಳುವ ಕ್ರಮ ಆ ಹುಡುಗನ ಕೈಯಿಂದ ನಾನು ಕಲಿತದ್ದು.

ಎಲ್ಲಿಯ ಪಾನೀಯ?

ಮೊಜಿಟೊ ಕ್ಯೂಬಾ ದ್ವೀಪದ ಪಾನೀಯ. ಅಲ್ಲಿಯವರ ಉಚ್ಚಾರ ‘ಮೊಹೀತೊ’ ಎಂದು. ಕಬ್ಬಿನ ನಾಡಾದ ಕ್ಯೂಬಾದಲ್ಲಿ ಕಬ್ಬಿನಿಂದಲೇ ಇಳಿಸುವ ರಮ್ ಎಂಬ ಮದ್ಯ ಹೇರಳ. ಅದಕ್ಕೆ ಲಿಂಬೆ, ಸಕ್ಕರೆ, ಪುದೀನದ ಜಾತಿಯ ಸೊಪ್ಪು ಹಾಗೂ ಸೋಡಾ ಸೇರಿಸಿದರೆ ಮೊಜಿಟೊ. 1930ರ ದಶಕದ ಆರಂಭದಲ್ಲಿಯೇ ಹವಾನಾ ನಗರದ ಪಾನಗೃಹವೊಂದರ ಕೈಪಿಡಿಯಲ್ಲಿ ಇದರ ಕ್ರಮ ಅಚ್ಚಾಗಿದೆ. ಇನ್ನು ‘ಕಾಕ್‌ಟೇಲ್’ ಎಂಬ ಶಬ್ದಕ್ಕೆ ಅಮೆರಿಕದ ನ್ಯೂಯಾರ್ಕ್ ಪ್ರಾಂತದ ಪತ್ರಿಕೆಯೊಂದು 1806ರಲ್ಲಿಯೇ ಅರ್ಥ ಹೇಳಿತ್ತು: ಮದ್ಯ, ಸಕ್ಕರೆ, ನೀರು ಮತ್ತು ಕಹಿಸತ್ವಗಳ ಮಿಶ್ರಣವೆಂದು.

ಹುಳಿಹಣ್ಣನ್ನು ಮನುಷ್ಯ ಕೇವಲ ರುಚಿಗಾಗಿ ಕುಡಿದವನಲ್ಲ. ಹಿಂದೆ ತಿಂಗಳುಗಟ್ಟಲೆ ಹಡಗಿನಲ್ಲಿರುತ್ತಿದ್ದ ನಾವಿಕರ ವಸಡುಗಳು ಕೊಳೆತು, ಮೈ ನಿತ್ರಾಣವಾಗಿ, ಅಸಂಖ್ಯ ಜನ ಸಾಯುತ್ತಿದ್ದರು. ಆ ರೋಗದ ಹೆಸರು ಸ್ಕರ್ವಿ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯನು ಹನ್ನೆರಡು ರೋಗಿಗಳನ್ನು ಇಬ್ಬಿಬ್ಬರಂತೆ ವಿಂಗಡಿಸಿ, ಒಂದೊಂದು ಜೋಡಿಗೆ ಒಂದೊಂದು ಔಷಧ ಕೊಟ್ಟು ನೋಡಿದನು. ಕಿತ್ತಳೆ ಹಾಗೂ ಲೆಮನ್ ತಿಂದ ಇಬ್ಬರು ಎಲ್ಲರಿಗಿಂತ ಬೇಗ ಚೇತರಿಸಿಕೊಂಡರು. ಬ್ರಿಟಿಷ್ ನೌಕಾಪಡೆ ಇದನ್ನು ನಿಯಮವಾಗಿ ಸ್ವೀಕರಿಸಿದುದು ಮಾತ್ರ 1795ರಲ್ಲಿ, ಎಂದರೆ ನಲವತ್ತೆಂಟು ವರ್ಷಗಳ ಬಳಿಕ. ಆ ಹಣ್ಣಿನಲ್ಲಿದ್ದುದು ‘ಸಿ’ ಜೀವಸತ್ವವೆಂದು ತಿಳಿದುದು ಇಪ್ಪತ್ತನೆಯ ಶತಮಾನದಲ್ಲಿ. ಸಿಟ್ರಿಕ್ ಆ್ಯಸಿಡಿನ ಪುಡಿಯಲ್ಲಿ ಹುಳಿಯುಂಟು, ಆ ಜೀವಸತ್ವವಿಲ್ಲ. ನನ್ನ ಗಿರಾಕಿ ಲೋಟವನ್ನು ಕೆಳಗಿಟ್ಟುದರಲ್ಲಿ ಎಷ್ಟು ನ್ಯಾಯವಿತ್ತೆಂಬುದನ್ನು ವಾಚಕರೇ ಯೋಚಿಸಲಿ.

ಮಾಡುವ ಕ್ರಮ

ಒಂದು ದೊಡ್ಡ ಲೋಟಕ್ಕೆ ಬೇಕಾದುದು: ರಸಭರಿತವಾದ ಲಿಂಬೆಹಣ್ಣು 1, ಪುದೀನದ ಎಲೆ 8ರಿಂದ 10, ಸಕ್ಕರೆಯ ಪಾಕ 4 ಚಹಾ ಚಮಚ, ಚಿಟಿಕೆ ಉಪ್ಪು, ತಣ್ಣಗಿನ ಸೋಡಾ ಅಥವಾ ನೀರು ಸುಮಾರು 120 ಮಿಲಿಲೀಟರ್, ಮಂಜುಗಡ್ಡೆ ನಾಲ್ಕೈದು ತುಂಡು.

ಮೊದಲು ಪಾಕ. ತಣ್ಣೀರಿನಲ್ಲಿ ಸಕ್ಕರೆ ಬೇಗ ಕರಗದು; ಮಂಜು ಹಾಕಿದ ಮೇಲಂತೂ ಲೋಟದ ತಳದಲ್ಲಿ ಮರಳಿನಂತೆ ಕುಳಿತುಬಿಡುತ್ತದೆ. ಆದುದರಿಂದ ಒಂದು ಲೋಟ ಸಕ್ಕರೆಗೆ ಒಂದು ಲೋಟ ನೀರಿಟ್ಟು, ಸಕ್ಕರೆ ಕರಗುವವರೆಗೆ ಮಾತ್ರ ಕಾಯಿಸಿ ಇಳಿಸಬೇಕು. ಎಳೆಪಾಕ ಬರಬೇಕಾದ್ದಿಲ್ಲ. ಆರಿದ ಮೇಲೆ ಶುಭ್ರವಾದ ಬಾಟ್ಲಿಯಲ್ಲಿ ತುಂಬಿ ಶೀತಪೆಟ್ಟಿಗೆಯಲ್ಲಿಟ್ಟರೆ ಒಂದು ವಾರ ಧಾರಾಳವಾಗಿ ಬರುತ್ತದೆ. ಕೋಣೆಯಲ್ಲಿ ಆರು ಮಂದಿ ಇದ್ದರೆ ವಾರದ ಪಾಕವನ್ನು ಸರದಿಯ ಮೇಲೆ ಒಬ್ಬೊಬ್ಬರು ಮಾಡಬಹುದು.

ಎರಡನೆಯದು ಲಿಂಬೆ. ತೆಳುಸಿಪ್ಪೆಯ, ಹಳದಿಗೆ ತಿರುಗಿದ, ಕೈಗೆ ಭಾರವೆನಿಸುವ ಹಣ್ಣನ್ನೇ ಆರಿಸಬೇಕು. ಇಲ್ಲಿಯ ಪೇಟೆಯಲ್ಲಿ ಇದನ್ನು ‘ಕಾಗ್ಜಿ’ ಎನ್ನುವರು. ನಮ್ಮ ವಿಜಯಪುರ ಜಿಲ್ಲೆಯ ಇಂಡಿ ತಾಲೂಕು ಇಂಥ ಲಿಂಬೆಗೆ ಹೆಸರಾದುದು. ಹಣ್ಣನ್ನು ತೊಳೆದು ಅಂಗೈಯಡಿಯಲ್ಲಿಟ್ಟು ಹಲಗೆಯ ಮೇಲೆ ನಾಲ್ಕು ಸಲ ಉರುಳಿಸಿದರೆ ಒಳಗಿನ ತೊಳೆಗಳು ಸಡಿಲಿ ರಸ ಹೆಚ್ಚು ಬರುತ್ತದೆ. ಅಡ್ಡಲಾಗಿ ಹೆಚ್ಚಿ ಹಿಂಡಿರಿ. ಕಡೆಯ ಹನಿಯ ಆಸೆಗೆ ಸಿಪ್ಪೆಯನ್ನು ಹಿಸುಕಬಾರದು. ಒಳಸಿಪ್ಪೆಯಲ್ಲಿಯೂ ಬೀಜದಲ್ಲಿಯೂ ಇರುವ ಕಹಿ ರಸಕ್ಕಿಳಿಯುತ್ತದೆ. ಒಳ್ಳೆಯ ಹಣ್ಣಿನಿಂದ ಸುಮಾರು 20 ಮಿಲಿಲೀಟರ್, ಎಂದರೆ ನಾಲ್ಕು ಚಹಾ ಚಮಚ ರಸ ದೊರೆಯುತ್ತದೆ. ಪಾಕವೂ ಅಷ್ಟೇ. ಹುಳಿ-ಸಿಹಿಗಳು ಸಮ ಎಂಬುದೊಂದೇ ಸೂತ್ರವನ್ನು ನೆನಪಿಟ್ಟರೆ ಸಾಕು. ಅನಂತರ ತಮ್ಮ ನಾಲಗೆ ಹೇಳಿದಂತೆ ಹೆಚ್ಚು-ಕಡಿಮೆ ಮಾಡಿಕೊಳ್ಳಬಹುದು. ರಸವನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಹಿಂಡಬೇಡಿರಿ. ಹುಳಿಯು ಆ ಲೋಹವನ್ನು ತಿನ್ನುತ್ತದೆ. ಗಾಜು ಅಥವಾ ಸ್ಟೀಲು ಉತ್ತಮ. ಹಿಂಡಿದ ರಸವನ್ನು ನಾಳೆಗೆಂದು ಇಡುವುದೂ ಬೇಡ. ಅದರ ಹೊಸತನ ಕೆಲವು ಗಂಟೆಗಳದ್ದು ಮಾತ್ರ.

ಮೂರನೆಯದೇ ಮುಖ್ಯವಾದುದು, ಸೊಪ್ಪು. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಚಟ್ನಿಯ ಅಭ್ಯಾಸದಿಂದ ಪುದೀನವನ್ನು ಜಜ್ಜಿಬಿಡುವರು, ಮಿಕ್ಸಿಗೆ ಹಾಕುವವರೂ ಉಂಟು. ಪುದೀನದ ಪರಿಮಳದ ಎಣ್ಣೆ ಇರುವುದು ಎಲೆಯ ಮೇಲ್ಮೈಯ ಅತಿ ಸೂಕ್ಷ್ಮವಾದ ಗ್ರಂಥಿಗಳಲ್ಲಿ. ಅವು ಒಡೆಯಲು ಮೆಲ್ಲನೆ ಒತ್ತಿದರೆ ಸಾಕು. ಅರೆದರೆ ಎಲೆಯೊಳಗಿನ ಹಸಿರು ರಸವೂ ಹೊರಟು ಹುಲ್ಲಿನ ವಾಸನೆ, ಕಹಿ ಬರುತ್ತದೆ. ಎಲೆಯೂ ಬೇಗ ಕಪ್ಪಾಗುತ್ತದೆ. ಆದುದರಿಂದ ದಂಟು ಬಿಡಿಸಿದ ಎಲೆಗಳನ್ನು ಲೋಟದಲ್ಲಿ ಹಾಕಿ, ಪಾಕ ಹಾಗೂ ರಸಗಳನ್ನು ಸುರಿದು, ಲಟ್ಟಣಿಗೆಯ ತುದಿಯಿಂದಲೋ ಚಮಚದ ಬೆನ್ನಿನಿಂದಲೋ ನಾಲ್ಕೈದು ಸಲ ಮೃದುವಾಗಿ ಒತ್ತಬೇಕು. ನಮ್ಮ ಹುಡುಗ ಹೇಳುತ್ತಿದ್ದಂತೆ, “ನಿದ್ದೆ ಮಾಡುವ ಮಗುವಿನ ಬೆನ್ನು ತಟ್ಟಿದ ಹಾಗೆ.” ಮೇಲಿಡುವ ಎಳೆಯ ಕುಡಿಯನ್ನು ಎರಡು ಅಂಗೈಗಳ ನಡುವೆ ಒಮ್ಮೆ ಚಪ್ಪಾಳೆ ತಟ್ಟಿ ಇಟ್ಟರೆ ಲೋಟ ಬಾಯಿಗೆ ಬರುವ ಮೊದಲೇ ಪರಿಮಳ ಮೂಗಿಗೆ ಬರುತ್ತದೆ.

ಇದಾದ ಬಳಿಕ ಉಪ್ಪು. ಅದು ಉಪ್ಪೆಂದು ತಿಳಿಯದಷ್ಟು ಅಲ್ಪವಾಗಿರಲಿ; ಇದ್ದ ಅಲ್ಪಸ್ವಲ್ಪ ಕಹಿಯನ್ನು ಅದು ಅಡಗಿಸುತ್ತದೆ. ಅನಂತರ ಮಂಜು. ಸೋಡಾವನ್ನು ಎಲ್ಲಕ್ಕಿಂತ ಕಡೆಗೆ, ಲೋಟದ ಅಂಚಿನಿಂದ ನಿಧಾನವಾಗಿ ಸುರಿಯಬೇಕು. ಸೋಡಾ ತಣ್ಣಗಿದ್ದಷ್ಟೂ ಗಾಳಿ ಅದರಲ್ಲಿ ಉಳಿಯುತ್ತದೆ. ತಳದಿಂದ ಮೇಲಕ್ಕೆ ಒಂದೇ ಒಂದು ಸಲ ಕಲಕಿದರೆ ಪಾನೀಯ ಸಿದ್ಧ.

ನೀರು ಮತ್ತು ಮಂಜು

ಎಷ್ಟೇ ಒಳ್ಳೆಯ ಲಿಂಬೆಯಾದರೂ ಕೆಟ್ಟ ನೀರನ್ನು ಒಳ್ಳೆಯದು ಮಾಡಲಾರದು. ಮಂಜನ್ನು ಕುದಿಸಿ ಆರಿಸಿದ ನೀರಿನಿಂದಲೇ ಕಟ್ಟಿಕೊಳ್ಳಬೇಕು. ಮೀನಿನ ಪೆಟ್ಟಿಗೆಗೂ ಕಾರ್ಖಾನೆಗಳಿಗೂ ಹೋಗುವ ಮಂಜುಗಡ್ಡೆ ಬೀದಿಯ ಶರಬತ್ತಿಗೆ ಬೀಳುತ್ತಿದ್ದುದನ್ನು ಕಂಡೇ, ಮಹಾರಾಷ್ಟ್ರದಲ್ಲಿ ತಿನ್ನಲಿಕ್ಕಲ್ಲದ ಮಂಜಿಗೆ ನೀಲಿ ಬಣ್ಣ ಬೆರೆಸಬೇಕೆಂದು 2018ರಲ್ಲಿ ನಿಯಮವಾಯಿತು. ಕಾಮಾಲೆಯಿಂದ ತಿಂಗಳುಗಟ್ಟಲೆ ಹಾಸಿಗೆ ಹಿಡಿದ ಹೋಟೆಲಿನ ಹುಡುಗರನ್ನು ನಾನು ಕಂಡಿದ್ದೇನೆ. ದಿನಗೂಲಿಯವನಿಗೆ ಕಾಯಿಲೆಯೆಂದರೆ ಊರಿಗೆ ಹೋಗುವ ಮನಿಯಾರ್ಡರು ನಿಂತಂತೆ. ಆದುದರಿಂದ ಈ ವಿಷಯದಲ್ಲಿ ಸೋಮಾರಿತನ ಸಲ್ಲದು. ಮಂಜಿಲ್ಲದಿದ್ದರೆ ಮಣ್ಣಿನ ಹೂಜಿಯ ನೀರೇ ಸಾಕು.

ಬೇರೆ ಬಗೆಗಳು

ಪುದೀನ ದೊರೆಯದ ದಿನ ಕಾಮಕಸ್ತೂರಿಯನ್ನು ಬಳಸಬಹುದು. ಊರಿನಲ್ಲಿ ಅದನ್ನು ಹೂಮಾಲೆಗೆ ಕಟ್ಟುತ್ತೇವೆ, ಬೀಜವನ್ನು ನೀರಿನಲ್ಲಿ ನೆನೆಯಿಸಿ ಶರಬತ್ತಿಗೆ ಹಾಕುತ್ತೇವೆ. ಇದೇ ಜಾತಿಯ ಎಲೆಯನ್ನು ಲೆಮನ್ ಹಣ್ಣಿನ ರಸ, ಸಕ್ಕರೆ ಮತ್ತು ಜಿನ್ನಿನೊಡನೆ ಕಲಸಿ, 2008ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಯೋರ್ಗ್ ಮಯರ್ ಎಂಬವರು ಹೊಸ ಪಾನೀಯವೊಂದನ್ನು ಪ್ರಚಾರಕ್ಕೆ ತಂದರು. ಅದು ದೇಶದೇಶಗಳಿಗೆ ಹಬ್ಬಿತು. ನಮ್ಮ ಹಿತ್ತಿಲ ಗಿಡದ ಬೆಲೆಯನ್ನು ಪರದೇಶದವರು ಹೇಳಿದ ಮೇಲೆ ನಾವು ಕೇಳುವುದು ಹೊಸತೇನೂ ಅಲ್ಲ. ಕಾಮಕಸ್ತೂರಿಯ ನಾಲ್ಕು ಎಲೆ, ಒಂದು ತುಂಡು ಶುಂಠಿ, ಸಕ್ಕರೆಯ ಬದಲು ಬೆಲ್ಲ: ಇಷ್ಟು ಮಾಡಿದರೆ ಮೊಜಿಟೊ ನಮ್ಮ ರಾಮನವಮಿಯ ಪಾನಕದ ನೆಂಟನಾಗುತ್ತದೆ.

ಮದ್ಯದ ಮಾತನ್ನು ಮರೆಮಾಚಬೇಕಾದ್ದಿಲ್ಲ. ಮೂಲ ಕ್ರಮದಲ್ಲಿ ಒಂದು ಲೋಟಕ್ಕೆ ಬಿಳಿ ರಮ್ 45 ಮಿಲಿಲೀಟರ್ ಬೀಳುತ್ತದೆ. ಮಹಾರಾಷ್ಟ್ರದಲ್ಲಿ ಅದಕ್ಕೆ 1949ರ ಪಾನನಿರೋಧ ಕಾಯಿದೆಯಂತೆ ಪರವಾನಿಗೆ ಬೇಕು. ಕಾಯಿದೆಯ ಮಾತು ಹಾಗಿರಲಿ, ದಣಿದು ಬಂದವನಿಗೆ ಬೇಕಾದುದು ತಂಪು ಮತ್ತು ಗೆಳೆಯರ ಜೊತೆ. ಇವೆರಡೂ ರಮ್ ಇಲ್ಲದೆಯೂ ದೊರೆಯುತ್ತವೆ. ಸಕ್ಕರೆ ಕಾಯಿಲೆಯವರು ಪಾಕವನ್ನು ಬಿಟ್ಟು ಉಪ್ಪು-ಜೀರಿಗೆ ಹಾಕಿಕೊಳ್ಳಲಿ.

ಕಡೆಯ ಮಾತು

ಆ ವೃದ್ಧರು ಬಾರದೆ ಹೋದರೇ ಎಂದು ಕೆಲವರು ಕೇಳಬಹುದು. ಎರಡು ತಿಂಗಳ ಮೇಲೆ, ಮಳೆ ಹಿಡಿದ ದಿನವೊಂದರಲ್ಲಿ ಬಂದರು. ಹಲಗೆಯನ್ನು ಓದಿದರು. ಚಹಾ ಕುಡಿದು ಹೋದರು. ಶರಬತ್ತು ಕೇಳಲಿಲ್ಲ. ಮರುವರ್ಷದ ಬೇಸಗೆಯಲ್ಲಿ, ಒಂದು ಸಂಜೆ ನಾಲ್ಕು ಗಂಟೆಗೆ, ಗಲ್ಲಾದ ಕಡೆಗೆ ನೋಡದೆ ನೇರವಾಗಿ ಕೌಂಟರಿಗೆ ಹೋಗಿ, “ಏನಪ್ಪಾ, ಲಿಂಬೆ ಉಂಟೋ?” ಎಂದು ಹುಡುಗನನ್ನು ಕೇಳಿದರು. ಹುಡುಗ ಹಣ್ಣನ್ನು ಅವರ ಮುಂದೆಯೇ ಹೆಚ್ಚಿ ಹಿಂಡಿದ. ಈ ಸಲ ಅವನು ಮುಖವೆತ್ತಿ ನೋಡಿದ್ದನ್ನು ನಾನು ಕಂಡೆ.

ಹೋಟೆಲಿನ ಕೆಲಸಗಾರನಿಗೆ ಹೊಲವಿಲ್ಲ, ಅಂಗಡಿಯಿಲ್ಲ. ಅವನ ಆಸ್ತಿ ಅವನ ಕೈಯ ಹದ. ಬಾಟ್ಲಿಯಿಂದ ಬಗ್ಗಿಸುವ ಕೆಲಸಕ್ಕೆ ಯಾವ ಕೈಯಾದರೂ ಆದೀತು. ಆದುದರಿಂದ ಕೋಣೆಯಲ್ಲಿ ಬಿಡುವಿರುವ ಸಂಜೆ ಒಂದು ಲಿಂಬೆ, ನಾಲ್ಕು ಎಲೆ ತಂದು ಈ ಕ್ರಮವನ್ನು ಕೈಗೆ ರೂಢಿಸಿಕೊಳ್ಳಿರಿ. ಮೊದಲ ಲೋಟ ಹದ ತಪ್ಪಿದರೂ ಚಿಂತೆಯಿಲ್ಲ. ಎರಡನೆಯದನ್ನು ಜೊತೆಗಾರನಿಗೆ ಕೊಟ್ಟು ನೋಡಿರಿ. ಅವನು ಏನೂ ಹೇಳದೆ ಲೋಟ ಬರಿದು ಮಾಡಿದನೆಂದರೆ ಹದ ಕೂಡಿಬಂದಿದೆಯೆಂದೇ ತಿಳಿಯಬೇಕು.