ಶ್ವಾನಗಳ ಅರ್ಬುದಕ್ಕೆ ಹೊಸ ಔಷಧಿ: ಕಿರು ಮಾರುಕಟ್ಟೆಯ ಲೆಕ್ಕಾಚಾರ

ವಾಣಿಜ್ಯ ಪತ್ರಿಕೆಯಲ್ಲಿ ನಾಯಿಯ ಕಾಯಿಲೆಯ ವಿಚಾರವೇಕೆ ಎಂದು ಸದಸ್ಯ ಬಾಂಧವರು ಕೇಳಬಹುದು. ಗಿರಾಕಿಗಳು ಕಡಿಮೆಯಿರುವ ಸರಕನ್ನು ಯಾರು, ಯಾವ ಧೈರ್ಯದಿಂದ ತಯಾರಿಸಬೇಕು ಎಂಬ ಪ್ರಶ್ನೆ ನಮ್ಮೆಲ್ಲರದೂ ಹೌದು. ಅಮೆರಿಕದ ಪಶು ಔಷಧೋದ್ಯಮವು ಅದಕ್ಕೆ ಕಂಡುಕೊಂಡ ಉತ್ತರ ಗಮನಾರ್ಹವಾಗಿದೆ.

ಲಿಂಫೋಮಾ ಎಂಬ ದುಗ್ಧರಸ ಗ್ರಂಥಿಗಳ ಅರ್ಬುದವು ನಾಯಿಗಳಲ್ಲಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್‌ಗಳಲ್ಲೊಂದು. ದವಡೆಯ ಕೆಳಗೋ ಮೊಣಕಾಲ ಹಿಂದೆಯೋ ನೋವಿಲ್ಲದ ಗಂಟು ಕಾಣಿಸಿಕೊಳ್ಳುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಬಹುತೇಕ ನಾಯಿಗಳು ಒಂದೆರಡು ತಿಂಗಳಲ್ಲಿ ಅಸುನೀಗುತ್ತವೆ. ಸೈಕ್ಲೋಫಾಸ್ಫಮೈಡ್, ಡಾಕ್ಸೊರುಬಿಸಿನ್, ವಿನ್‌ಕ್ರಿಸ್ಟಿನ್ ಹಾಗೂ ಪ್ರೆಡ್ನಿಸೋನ್‌ಗಳನ್ನು ಸರದಿಯಂತೆ ನೀಡುವ ‘ಚಾಪ್’ ಕ್ರಮವು ಮಾನವ ವೈದ್ಯದಿಂದ ಎರವಲು ಬಂದುದು. ಇವುಗಳಲ್ಲಿ ವಿನ್‌ಕ್ರಿಸ್ಟಿನ್‌ನ ಮೂಲ ನಮ್ಮ ಹಿತ್ತಿಲುಗಳಲ್ಲಿ ಅರಳುವ ಸದಾಪುಷ್ಪ ಗಿಡವೆಂಬುದನ್ನು ಪ್ರಾಸಂಗಿಕವಾಗಿ ಹೇಳಬಹುದು. ಈ ಕ್ರಮದಿಂದ ಹತ್ತರಲ್ಲಿ ಎಂಟಕ್ಕೂ ಹೆಚ್ಚು ನಾಯಿಗಳಲ್ಲಿ ರೋಗ ಹಿಮ್ಮೆಟ್ಟುತ್ತದೆ. ಸಾಮಾನ್ಯವಾಗಿ ಸುಮಾರು ಒಂದು ವರ್ಷದ ಆಯುಷ್ಯ ದೊರೆಯುತ್ತದೆ. ಸಂಪೂರ್ಣ ಗುಣವಾಗುವುದು ವಿರಳ.

ಆದರೆ ಇವೆಲ್ಲವೂ ಮನುಷ್ಯರಿಗೆಂದು ತಯಾರಾದ ಔಷಧಿಗಳು. ಪಶುವೈದ್ಯರು ತಮ್ಮ ವಿವೇಚನೆಯಂತೆ ಬಳಸುತ್ತಿದ್ದರು. ನಾಯಿಗಳಿಗೆಂದೇ ಔಷಧಿಯೊಂದನ್ನು ಸಿದ್ಧಪಡಿಸಿ ಪರೀಕ್ಷಿಸಿ ಪರವಾನಗಿ ಪಡೆಯುವಷ್ಟರಲ್ಲಿ ಆಗುವ ವೆಚ್ಚ ಈ ಪುಟ್ಟ ಮಾರುಕಟ್ಟೆಯಿಂದ ಮರಳಿ ಬರುವ ಭರವಸೆಯಿರಲಿಲ್ಲ. 2004ರಲ್ಲಿ ಜಾರಿಗೆ ಬಂದ ಅಮೆರಿಕದ ಕಾನೂನೊಂದು ಈ ಲೆಕ್ಕವನ್ನು ಬದಲಿಸಿತು. ಸುರಕ್ಷತೆಯನ್ನೂ ತಯಾರಿಕೆಯ ಗುಣಮಟ್ಟವನ್ನೂ ಪೂರ್ಣವಾಗಿ ರುಜುವಾತುಪಡಿಸಬೇಕು. ಪರಿಣಾಮದ ಬಗ್ಗೆ ಮಾತ್ರ ಸಮಂಜಸವಾದ ನಿರೀಕ್ಷೆಯಿದ್ದರೆ ಸಾಕು, ಷರತ್ತುಬದ್ಧ ಅನುಮೋದನೆ ದೊರೆಯುತ್ತದೆ. ಅದನ್ನು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು. ಒಟ್ಟು ಐದು ವರ್ಷಗಳೊಳಗೆ ಪರಿಣಾಮವನ್ನು ಸಾಬೀತುಪಡಿಸದಿದ್ದರೆ ಮಾರಾಟ ನಿಲ್ಲಿಸಬೇಕು. ಮಾರುತ್ತಲೇ ಪುರಾವೆ ಒದಗಿಸುವ ಈ ವ್ಯವಸ್ಥೆ ಸಾಲದ ಮೇಲೆ ಸರಕು ಕೊಟ್ಟಂತೆಯೇ ಸರಿ. ಗಡುವು ಮಾತ್ರ ಕಟ್ಟುನಿಟ್ಟು.

ಇದರ ಪ್ರಯೋಜನವನ್ನು ಪಡೆದದ್ದು ಕೊಲರಾಡೊ ರಾಜ್ಯದ ವೆಟ್‌ಡಿಸಿ ಎಂಬ ಸಣ್ಣ ಸಂಸ್ಥೆ. ರಾಬಾಕ್ಫೊಸಾಡಿನ್ ಎಂಬ ರಾಸಾಯನಿಕವನ್ನು ರೂಪಿಸಿದ್ದು ಗಿಲಿಯಡ್ ಕಂಪನಿ. ದೊಡ್ಡ ಅಂಗಡಿಯ ಉಗ್ರಾಣದಲ್ಲಿ ಉಳಿದ ಸರಕಿಗೆ ಬೇರೊಬ್ಬ ವ್ಯಾಪಾರಿ ಗಿರಾಕಿಯನ್ನು ಹುಡುಕಿದ ಹಾಗೆ ವೆಟ್‌ಡಿಸಿ ಅದನ್ನು ‘ಟನೋವಿಯಾ’ ಹೆಸರಿನಲ್ಲಿ ನಾಯಿಗಳ ಚಿಕಿತ್ಸೆಗೆ ತಂದಿತು. 2016ರ ಡಿಸೆಂಬರಿನಲ್ಲಿ ಷರತ್ತುಬದ್ಧ ಅನುಮೋದನೆ ದೊರೆಯಿತು. ಗಡುವಿಗೆ ಕೆಲವೇ ತಿಂಗಳು ಉಳಿದಿರುವಾಗ, 2021ರ ಜುಲೈನಲ್ಲಿ, ಪೂರ್ಣ ಅನುಮೋದನೆ. ನಾಯಿಗಳ ಲಿಂಫೋಮಾಕ್ಕೆ ಅಮೆರಿಕದಲ್ಲಿ ಪೂರ್ಣ ಅನುಮೋದನೆ ಪಡೆದ ಮೊದಲ ಔಷಧಿ ಇದು. ಮೂರು ವಾರಗಳಿಗೊಮ್ಮೆ, ಗರಿಷ್ಠ ಐದು ಬಾರಿ ರಕ್ತನಾಳದ ಮೂಲಕ ನೀಡಲಾಗುತ್ತದೆ. ಪರಿಣಾಮವನ್ನು ಸಾಬೀತುಪಡಿಸಿದ ಅಧ್ಯಯನದಲ್ಲಿ 158 ನಾಯಿಗಳಿದ್ದವು. ಔಷಧಿ ಪಡೆದವುಗಳಲ್ಲಿ ರೋಗ ಉಲ್ಬಣಿಸದೆ ಕಳೆದ ಅವಧಿಯ ಮಧ್ಯಾಂಕ 82 ದಿನ. ಹುಸಿ ಔಷಧಿ ಪಡೆದವುಗಳಲ್ಲಿ 21 ದಿನ. ಈ ಅರವತ್ತೊಂದು ದಿನಗಳೇ ಇಲ್ಲಿ ಮಾರಾಟವಾಗುವ ಸರಕು. ಇದರ ಜೊತೆಗೆ ಭೇದಿ, ಹಸಿವಿಲ್ಲದಿರುವಿಕೆ ಮತ್ತು ಕೆಲವೊಮ್ಮೆ ಪ್ರಾಣಾಂತಿಕವಾಗಬಲ್ಲ ಶ್ವಾಸಕೋಶದ ತೊಂದರೆಯೂ ಬರಬಹುದು. ವೆಸ್ಟ್ ಹೈಲ್ಯಾಂಡ್ ವೈಟ್ ಟೆರಿಯರ್ ತಳಿಗೆ ಇದನ್ನು ಕೊಡಲೇಬಾರದು.

ಎರಡನೆಯದು ಅನಿವೈವ್ ಸಂಸ್ಥೆಯ ‘ಲಾವರ್ಡಿಯಾ’. 2021ರ ಜನವರಿಯಲ್ಲಿ ಷರತ್ತುಬದ್ಧ ಅನುಮೋದನೆ ಪಡೆದ ಮಾತ್ರೆ. ಅರ್ಬುದವನ್ನು ತಡೆಯುವ ಪ್ರೋಟೀನುಗಳು ಜೀವಕೋಶದ ಕೇಂದ್ರದಿಂದ ಹೊರಬೀಳದಂತೆ ಇದು ನೋಡಿಕೊಳ್ಳುತ್ತದೆ. ವಾರಕ್ಕೆರಡು ಬಾರಿ, ಕನಿಷ್ಠ 72 ಗಂಟೆಗಳ ಅಂತರದಲ್ಲಿ, ಮನೆಯಲ್ಲಿಯೇ ಕೊಡಬಹುದಾದುದರಿಂದ ಆಸ್ಪತ್ರೆಯ ಓಡಾಟ ತಗ್ಗುತ್ತದೆ. ಆದರೆ ಮಾತ್ರೆಯನ್ನಾಗಲಿ ನಾಯಿಯ ಮಲಮೂತ್ರವನ್ನಾಗಲಿ ಕೈಗವಸಿಲ್ಲದೆ ಮುಟ್ಟುವಂತಿಲ್ಲ. ಗರ್ಭಿಣಿಯರೂ ಮಕ್ಕಳೂ ದೂರವಿರಬೇಕು. ಆಸ್ಪತ್ರೆ ವಹಿಸುತ್ತಿದ್ದ ಎಚ್ಚರಿಕೆಯ ಹೊಣೆ ಹೀಗೆ ಮನೆಯವರ ಹೆಗಲಿಗೆ ಬರುತ್ತದೆ.

ಪೂರ್ಣ ಚಾಪ್ ಚಿಕಿತ್ಸೆಗೆ ಅಮೆರಿಕದಲ್ಲಿ ಹಲವು ಸಾವಿರ ಡಾಲರ್ ತಗಲುತ್ತದೆ. ಹೊಸ ಔಷಧಿಗಳೂ ಅಗ್ಗವಲ್ಲ. ಟನೋವಿಯಾ ಮುಂದೆ ಎಲಾಂಕೊ ಎಂಬ ಬೃಹತ್ ಪಶು ಔಷಧ ಕಂಪನಿಯ ಪಾಲಾಯಿತು. ಸಾಹಸ ಮಾಡಿದವರು ಒಬ್ಬರು, ಮಾರಾಟದ ಜಾಲವುಳ್ಳವರು ಇನ್ನೊಬ್ಬರು. ಈ ನಡೆ ನಮ್ಮ ಸದಸ್ಯರಿಗೆ ಅಪರಿಚಿತವೇನಲ್ಲ.